ಹಸಿ ಹಲಸಿನ ಮಂಚ

ಕೊಬ್ಬರಿಯ ವಿಷಯದಲ್ಲಿ ಬೆಟ್ಟಸ್ವಾಮಿಗಿದ್ದ ತಾಳ್ಮೆ ಕಂಡವರು, ಅವನು ಆತುರಕ್ಕೆ ಬಿದ್ದು ಕೆಟ್ಟ ಅಂದರೆ ನಂಬುವುದಿಲ್ಲ. ಹಾಲ್ಕುರಿಕೆ ಪಕ್ಕದ ಅವನ ಮನೆಯ ಅಟ್ಟದಲ್ಲಿ ಕಾಯಿ ವರ್ಷಗಟ್ಟಲೆ ಮಲಗಿರುತ್ತಿತ್ತು. ಆಗಾಗ ಏಣಿ ಹತ್ತಿ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಅನ್ನುವ ತನಕ, ವ್ಯಾಪಾರಿ ಬಂದು ಕಾಲು ಹಿಡಿದರೂ ಸುಲಿಸುತ್ತಿರಲಿಲ್ಲ.

ಕಾಯಿ ಬಿಟ್ಟರೆ ಅವನಿಗಿದ್ದ ಹುಚ್ಚು ಹಳೇ ಮರಗೆಲಸದ ಸಾಮಾನಿನದು. ಮರ ಕೆತ್ತುವ ಬಾಚಿ, ಉಳಿ, ಉಜ್ಜುಗೊರಡು, ದಾರ ಸುತ್ತಿ ಎಳೆದು ತೂತು ಕೊರೆಯುವ ಬೈರಿಗೆ. ಸುತ್ತಲ ಊರುಗಳಲ್ಲಿ ಬಡಗಿಗಳು ಸತ್ತಂತೆಲ್ಲ, ಮಕ್ಕಳು ರೆಡಿಮೇಡ್ ಬಾಗಿಲು ಕೂರಿಸುವ ಕೆಲಸ ಹಿಡಿದಂತೆಲ್ಲ, ಅಪ್ಪಂದಿರ ಉಳಿಗಳು ತುರುವೇಕೆರೆಯ ಗುಜರಿ ಅಂಗಡಿಯ ತಕ್ಕಡಿ ಹತ್ತುತ್ತಿದ್ದವು. ಅಲ್ಲಿಂದ ಆರಿಸಿ ತಂದು, ತುಕ್ಕು ತಿಕ್ಕಿ, ಸಾಣೆ ಹಿಡಿದು, ಹೊಸ ಹಿಡಿ ಕೂರಿಸಿ ನಡುಮನೆಯ ಗೋಡೆಗೆ ನೇತುಹಾಕುತ್ತಿದ್ದ. ಬರೀ ನೋಡುವುದಕ್ಕಲ್ಲ, ಮನೆಗೆ ಬೇಕಾದ ಮಣೆ, ಸ್ಟೂಲುಗಳನ್ನೆಲ್ಲ ಅವುಗಳಲ್ಲೇ ಮಾಡುತ್ತಿದ್ದ. ಅವನಪ್ಪನ ಕಾಲದಲ್ಲಿ ಅದೇ ಉಳಿ ಹಿಡಿದ ಆಚಾರಿಗಳು ಜಗಲಿಯ ಮೇಲೆ ಕೂತು ಕೆಲಸ ಮಾಡಿ, ಜಗಲಿಯಿಂದಲೇ ಎದ್ದು ಹೋಗುತ್ತಿದ್ದರು. ಅವರಿಗೆ ಸಿಕ್ಕದ ನಡುಮನೆ ಅವರ ಕಬ್ಬಿಣಕ್ಕೆ ಸಿಕ್ಕಿತು.

ಹೆಂಡತಿ ಗಿರಿಜಾಂಬಿಕಾಳ ಬಾಯಿ ಜೋರು.

"ನಮ್ಮಪ್ಪ ತೋಟ ನೋಡಿ ಹೆಣ್ಣು ಕೊಟ್ಟ. ಗುಜರಿ ಅಂಗ್ಡಿ ಅಂತ ಗೊತ್ತಾಗಿದ್ರೆ ಕೊಡ್ತಿರ್ಲಿಲ್ಲ ಕಣ್ರೀ."

"ಇವಕ್ಕೆ ಬಾಯಿಲ್ಲ ಕಣೇ, ಅದುಕ್ಕೇ ತಂದಿರೋದು."

ಕಾರ್ತೀಕ ಕಳೆದ ಮೇಲೆ ಆ ಬಾಯಿ ಓರೆಯಾಯಿತು. ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಮಾತು ಹೇಗೋ ಉಳಿಯಿತು. ತಲೆಕಡೆ ಎತ್ತರಿಸಿ ಮಲಗಿಸಿ, ಮಗ್ಗುಲು ಬದಲಿಸುತ್ತಿರಿ, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ ಅಂದರು ಡಾಕ್ಟರು.

"ಮಾವ, ತಿಪಟೂರಲ್ಲಿ ಆಸ್ಪತ್ರೆ ಮಂಚ ಬಾಡಿಗೆಗೆ ಕೊಡ್ತಾರಂತೆ. ಹಿಡಿ ತಿರುಗ್ಸಿದ್ರೆ ತಲೆಕಡೆ ಮೇಲೇಳುತ್ತೆ. ನಾಳೆನೇ ತರ್ಸಾಣ," ಅಂದಳು ಸೊಸೆ ನಯನ.

ಚಾಪೆಯ ಮೇಲಿದ್ದ ಗಿರಿಜಾಂಬಿಕಾ ಗೋಡೆಯತ್ತ ಕಣ್ಣು ಹೊರಳಿಸಿದಳು. "ಬಾಡಿಗೆ ಯಾಕೆ? ಇಷ್ಟು ವರ್ಸ ಕಬ್ಣ ನೇತಾಕವ್ರಲ್ಲ. ನಂಗೊಂದು ಮಂಚ ಮಾಡ್ಲಿ, ನೋಡಾಣ."

ತೊದಲುತ್ತಲೇ ಆಡಿದ ಕುಚೋದ್ಯ ಅದು. ಬೆಟ್ಟಸ್ವಾಮಿಯ ಕಿವಿಗೆ ಹಾಗೆ ಬೀಳಲಿಲ್ಲ. ಮದುವೆಯಾದ ಮೇಲೆ ಅವಳು ಆ ಗೋಡೆಯಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಮಳೆಗಾಲದ ಗಾಳಿಗೆ ಬದುವಿನ ಹಲಸು ಬಿದ್ದಿತ್ತು. ಹಲಗೆ ಕುಯ್ಯಿಸಿ ತೆಂಗಿನ ನೆರಳಲ್ಲೇ ಪೇರಿಸಿದ್ದ. ತೋಟದ ನೆಲ ನೀರು ಕುಡಿದು ಯಾವಾಗಲೂ ತಂಪು. ಹಲಗೆಯ ಮೈ ಒಣಗಿತ್ತು, ಹೊಟ್ಟೆ ಒಣಗಿರಲಿಲ್ಲ. ಕೊಡತಿಯಲ್ಲಿ ತಟ್ಟಿದ. ಡಬ್ ಅಂದಿತು. ಕಾಯಿಯನ್ನು ಕಿವಿಯಲ್ಲಿ ಅಳೆಯುವ ಮನುಷ್ಯನಿಗೆ ಆ ಸದ್ದು ತಿಳಿಯದೆ ಇರುತ್ತದೆಯೇ? ತಿಳಿಯಿತು. ಸಾಮಿಲ್ಲಿಗೆ ಹೋಗಿ ಒಣಗಿದ ತೇಗ ತರಬಹುದಿತ್ತು. ನನ್ನ ತೋಟದ ಮರ, ನನ್ನ ಕೈ, ನನ್ನ ಉಳಿ ಅನ್ನುವ ಜಂಬ ಬಿಡಲಿಲ್ಲ. ಬಾಚಿ ಎತ್ತಿದ.

ಹಾಲ್ಕುರಿಕೆಯ ಬಡಗಿ ಅಣ್ಣಯ್ಯ ರೋಗಿಯನ್ನು ನೋಡಲು ಬಂದ. ಅವನಪ್ಪನ ಉಜ್ಜುಗೊರಡು ಕೂಡ ಅದೇ ಗೋಡೆಯಲ್ಲಿತ್ತು. ಹಲಗೆಯ ಮೇಲೆ ಕೈಯಾಡಿಸಿ, "ಸ್ವಾಮಣ್ಣ, ಇದು ಹಸಿ ಐತಲ್ಲ," ಅಂದ.

"ಗೊತ್ತು ಕಣಪ್ಪ. ಬಿದಿರು ಮೊಳೆ ಬಿಗಿಯಾಗಿ ಹೊಡಿತೀನಿ."

"ಮರವೇ ಕುಗ್ಗಿದ್ರೆ ಮೊಳೆ ಏನ್ ಮಾಡ್ತದೆ?"

ಬೆಟ್ಟಸ್ವಾಮಿ ಗರಗಸವನ್ನು ಹಲಗೆಯ ಮೇಲಿಟ್ಟ. ಅಣ್ಣಯ್ಯ ನಿಟ್ಟುಸಿರು ಬಿಟ್ಟು ಗರಗಸದ ಇನ್ನೊಂದು ತುದಿ ಹಿಡಿದ.

ಕೈಕೆಲಸ ನಿಧಾನ. ಕಾಲು ಕೆತ್ತಬೇಕು, ತೂತು ಹೊಡೆಯಬೇಕು, ಪಟ್ಟಿ ಕೂರಿಸಬೇಕು. ಹಸಿ ನಾರು ಉಳಿಗೆ ಅಂಟಿಕೊಂಡು ಎಳೆಯುತ್ತಿತ್ತು. ಅಷ್ಟರಲ್ಲಿ ಚಾಪೆಯ ಮೇಲಿನ ಬೆನ್ನು ಕೆಂಪಾಗಿ, ಕಪ್ಪಾಗಿ, ಕಿತ್ತುಕೊಂಡಿತು. ಬಟ್ಟೆ ಬದಲಿಸುತ್ತಿದ್ದ ನಯನ ಅಂಗಳಕ್ಕೆ ಬಂದು ನಿಂತಳು.

"ಮಾವ, ಒಂದ್ಸಲ ಒಳಗ್ ಬಂದು ನೋಡಿ."

ನೋಡಿದ. ವಾಸನೆಗೆ ಉಸಿರು ಬಿಗಿಹಿಡಿದ. "ಆಯ್ತು ಕಣವ್ವ, ಇನ್ನು ಒರಗು ಹಲಗೆ ಒಂದೇ," ಅಂತ ಹೊರಗೆ ಬಂದುಬಿಟ್ಟ.

"ಅತ್ತೆ, ನೀವಾದ್ರೂ ಸಾಕು ಅನ್ನಿ. ಬಾಡಿಗೆ ಮಂಚ ತರ್ಸ್ತೀನಿ."

"ಮಾಡ್ಲಿ ಬುಡವ್ವ," ಅಂದಳು ಗಿರಿಜಾಂಬಿಕಾ. "ಕೈಯಲ್ಲಿ ಉಳಿ ಇರೋಗಂಟ ಅಳಾಕಿಲ್ಲ ಅವ್ರು."

ಶಿವರಾತ್ರಿಯ ಹೊತ್ತಿಗೆ ಮಂಚ ನಿಂತಿತು. ತಲೆಕಡೆಗೆ ಓರೆಯಾಗಿ ಒರಗು ಹಲಗೆ, ಅಂಚುಗಳೆಲ್ಲ ಉಜ್ಜಿ ನುಣುಪು. ಬೆಟ್ಟಸ್ವಾಮಿ, ನಯನ, ಅಣ್ಣಯ್ಯ ಮೂವರೂ ಸೇರಿ ಅವಳನ್ನು ಎತ್ತಿ ಮಲಗಿಸಿದರು. ಕಿಟಕಿಯಾಚೆ ತೆಂಗಿನ ತಲೆಗಳು ಅವಳ ಕಣ್ಣಿಗೆ ಬಿದ್ದವು. "ಚೆನ್ನಾಗೈತೆ ಕಣ್ರೀ," ಅಂದಳು. ಬೆಟ್ಟಸ್ವಾಮಿ ಎದ್ದು ಕೊಟ್ಟಿಗೆಗೆ ಹೋಗಿ, ಸುಮ್ಮನೆ ದನದ ಹಗ್ಗ ಬಿಚ್ಚಿ ಮತ್ತೆ ಕಟ್ಟಿದ.

ಆಮೇಲೆ ಬಿಸಿಲು ಬಂತು. ಯುಗಾದಿಗೆ ಮೊದಲೇ ಹಂಚು ಕಾದು ಮನೆಯೊಳಗೆ ಒಲೆಯಂಥ ಕಾವು. ಮರ ಬೆವರಿಳಿಸಿ ಕುಗ್ಗಿತು. ಮಂಚ ಕಿರುಗುಟ್ಟತೊಡಗಿತು. ಮಗ್ಗುಲು ಬದಲಿಸಿದರೆ ಅದು ಅಲುಗುವುದು, ಅದು ಅಲುಗಿದರೆ ಹುಣ್ಣು ಉಜ್ಜುವುದು, ಅವಳು ಹಲ್ಲು ಕಚ್ಚುವುದು. ಬೆಟ್ಟಸ್ವಾಮಿ ಸಂದಿಗೆ ಚಕ್ಕೆ ಬಡಿದ. ಚಕ್ಕೆಯ ಪಕ್ಕ ಇನ್ನೊಂದು ಚಕ್ಕೆ ಬಡಿದ. ಒಂದು ಮಧ್ಯಾಹ್ನ ನಯನ ಅತ್ತೆಯನ್ನು ಹೊರಳಿಸುವಾಗ ತಲೆಕಡೆಯ ಕಾಲು ಸೀಳಿ ಕಳಚಿಕೊಂಡಿತು. ಮಂಚ ಮೂಲೆಗೆ ಕುಸಿಯಿತು. ಗಿರಿಜಾಂಬಿಕಾ ಹುಣ್ಣಿನ ಮೇಲೇ ಜಾರಿ ನೆಲಕ್ಕೆ ಬಂದಳು. ಆ ಕೂಗಿಗೆ ಬೀದಿಯವರು ಓಡಿಬಂದರು.

"ಕೆಳಗೇ ಇರ್ಲಿ ಬುಡ್ರೀ ನನ್ನ," ಅಂದಳು ಗಂಡನಿಗೆ. ಕುಚೋದ್ಯವಿರಲಿಲ್ಲ.

ಅವತ್ತೇ ಬಾಡಿಗೆ ಮಂಚ ಬಂತು. ಹಿಡಿ ತಿರುಗಿಸಿದರೆ ತಲೆ ಮೇಲೇಳುತ್ತಿತ್ತು, ಒಂದು ಚೂರೂ ಅಲುಗುತ್ತಿರಲಿಲ್ಲ. ಹುಣ್ಣಿನ ನಂಜು ಅಷ್ಟರಲ್ಲಿ ಮೈಗೇರಿತ್ತು. ಜ್ವರ ಇಳಿಯಲೇ ಇಲ್ಲ. ಆ ಕಬ್ಬಿಣದ ಮಂಚದ ಮೇಲೆ ಅವಳು ಸತ್ತಳು.

ಅವರ ಕಡೆ ಹೆಣವನ್ನು ಕೂರಿಸುತ್ತಾರೆ. ಮಿಂದ ಮೈಗೆ ವಿಭೂತಿ ಹಚ್ಚಿ ಜಗಲಿಯ ಗೋಡೆಗೆ ಒರಗಿಸಿದರೆ, ಮತ್ತೆ ಮತ್ತೆ ಪಕ್ಕಕ್ಕೆ ವಾಲುತ್ತಿತ್ತು. "ಬೆನ್ನಿಗೊಂದು ಹಲಗೆ ತನ್ರಪ್ಪಾ," ಅಂದರು ಮಠದಿಂದ ಬಂದ ಅಯ್ಯನವರು.

ಬೆಟ್ಟಸ್ವಾಮಿ ಕೊಟ್ಟಿಗೆಗೆ ಹೋದ. ಮುರಿದ ಮಂಚದ ಒರಗು ಹಲಗೆಯನ್ನು ತಾನೇ ಹೊತ್ತು ತಂದ. ಗೋಡೆಗೆ ಆನಿಸಿದಾಗ ಓರೆ ಸರಿಯಾಗಿ ಕೂತಿತು. ಆಗ ಅಂಗೈ ಆಡಿಸಿ ನೋಡಿದ. ಒಣಗಿ ಬಿರಿದ ಕಡೆ ಒಂದು ಸಿಬಿರು ಎದ್ದಿತ್ತು. ಸರಸರ ನಡುಮನೆಗೆ ಹೋಗಿ ಗೋಡೆಯಿಂದ ಉಜ್ಜುಗೊರಡು ಇಳಿಸಿಕೊಂಡು ಬಂದು ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

ಅಣ್ಣಯ್ಯ ಬಂದು ಅವನ ಮಣಿಕಟ್ಟು ಹಿಡಿದುಕೊಂಡ.

"ಬುಡಿ ಸ್ವಾಮಣ್ಣ. ಇನ್ನು ಏನೂ ಚುಚ್ಚಾಕಿಲ್ಲ."