ಬಳೆ ಸರಿಸಿ ನಾಡಿ ಹಿಡಿದವರು

ನಮ್ಮ ಡಾಕ್ಟರಬಾಯಿಯವರ ಹೆಬ್ಬೆರಳು ಯಾವಾಗಲೂ ತಣ್ಣಗಿರುತ್ತಿತ್ತು. ಹೆಂಗಸರ ನಾಡಿ ಹಿಡಿಯುವ ಮುಂಚೆ ಆ ಬೆರಳಿನಿಂದಲೇ ಗಾಜಿನ ಬಳೆಗಳನ್ನೆಲ್ಲ ಮೊಳಕೈ ಕಡೆಗೆ ಸರ್ರನೆ ಸರಿಸುತ್ತಿದ್ದರು. ಅವರ ಕೈಯಲ್ಲಿ ಮಾತ್ರ ಒಂದೂ ಬಳೆಯಿರಲಿಲ್ಲ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಆಮೇಲೆ ಹಟ ಹಿಡಿದು ಓದಿ ಡಾಕ್ಟರಾದವರು. ಎಡಗೈಗೆ ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ, ಬಲಗೈ ಖಾಲಿ.

ಎಪ್ಪತ್ತರ ದಶಕದ ಹಾನಗಲ್ಲಿನಲ್ಲಿ ಅವರದು ಹೆರಿಗೆ ದವಾಖಾನೆ ಎಂದೇ ಜನ ತಿಳಿದಿದ್ದರು. ಎದೆನೋವು ಅಂತ ಗಂಡಸರು ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಹೆಂಗಸರಿಗೂ ಆ ರೋಗ ಬರುತ್ತದೆಂದು ಯಾರೂ ನಂಬುತ್ತಿರಲಿಲ್ಲ. ಹೆಂಗಸರಿಗೆ ಬರುವುದು ಪಿತ್ತ, ವಾಯು, ಇಲ್ಲವೇ ಸೊಸೆಯ ಮೇಲಿನ ಸಿಟ್ಟು! "ಗಂಡಸು ಎದಿ ಹಿಡಕೊಂಡ್ರ ಮೋಟಾರು ತರಸ್ತೀರಿ, ಹೆಂಗಸು ಹಿಡಕೊಂಡ್ರ ಶುಂಠಿ ಕಷಾಯ ಕುಡಸ್ತೀರಿ" ಎಂದು ಅವರು ಬಯ್ಯುತ್ತಿದ್ದರು. ಬಯ್ಯುವಾಗ ಯಾರ ಮುಖವನ್ನೂ ನೋಡದೆ ಸ್ಟೆತಸ್ಕೋಪ್ ಒರೆಸುತ್ತಿದ್ದರು.

ನಾನಾಗ ಶಿಗ್ಗಾಂವಿಯ ಶಾಲೆಯಲ್ಲಿ ಹೊಸದಾಗಿ ಅಕ್ಕೋರಾಗಿದ್ದೆ. ರಜೆಗೆಂದು ತಿಳವಳ್ಳಿಗೆ ಬಂದಿದ್ದಾಗ ಒಂದು ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುತ್ತಿದ್ದವಳು ದವಡೆ ಹಿಡಿದುಕೊಂಡು ಕುಸಿದಳು. ಮೈಯೆಲ್ಲ ಬೆವರು, ವಾಂತಿ. ಅಪ್ಪನ ತಂಗಿ, ನಮ್ಮ ಅತ್ತಿ, "ಪಿತ್ತ ಏರೈತಿ, ಮಲಗಸ್ರಿ" ಎಂದಳು. ನನ್ನ ಬಾಯಿ ಮೊದಲೇ ಜೋರು. ಕೂಗಾಡಿ ಜೀಪು ತರಿಸಿ, ಅಪ್ಪ, ದೊಡ್ಡಪ್ಪ, ಅತ್ತಿ ಸಮೇತ ಅವ್ವನನ್ನು ಹಾನಗಲ್ಲಿಗೆ ಕರೆತಂದೆ.

ಡಾಕ್ಟರಬಾಯಿ ಎದೆಗೆ ಕಿವಿಗೊಟ್ಟು ಕೇಳಿ, ತಲೆಯೆತ್ತಿದರು. "ಇದು ಪಿತ್ತ ಅಲ್ಲ, ಹೃದಯಾಘಾತ. ಹುಬ್ಬಳ್ಳಿ ತನಕ ಜೀಪಿನಾಗ ಕುಲುಕಿದ್ರ ದಾರ್ಯಾಗ ಹೋಗ್ತಾಳ. ಇಲ್ಲೇ ಇರಲಿ." ರಕ್ತ ಹೆಪ್ಪುಗಟ್ಟದಂತೆ ತೆಳುಮಾಡುವ ಹೆಪಾರಿನ್ ಎಂಬ ಇಂಜೆಕ್ಷನ್ ತೆಗೆದರು. ಅವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸಿರಿಂಜಿಗೆ ಅರ್ಧ ಮಾತ್ರ ಎಳೆದುಕೊಂಡರು.

ಅಷ್ಟು ಸಾಕಾಯಿತು ನಮ್ಮ ದೊಡ್ಡಪ್ಪನಿಗೆ. ಎತ್ತಿನಂಥ ಆಳು, ಹಿಂದಿನ ವರ್ಷ ಹುಬ್ಬಳ್ಳಿಯಲ್ಲಿ ಇದೇ ಇಂಜೆಕ್ಷನ್ ತಗೊಂಡು ಬದುಕಿ ಬಂದವನು. "ನನಗ ತುಂಬ ಕೊಟ್ಟಿದ್ರಲ್ರೀ! ಅರ್ಧಾ ಯಾಕ?"

ನನಗೂ ಉರಿದುಹೋಯಿತು. "ತಾಟಿನಾಗ ಕಡಿಮಿ, ಹಾಲಿನಾಗ ಕಡಿಮಿ, ಔಷಧದಾಗೂ ಹೆಂಗಸಿಗೆ ಕಡಿಮೀನ ಏನ್ರಿ?"

"ನಿನ್ನ ಸಿಟ್ಟು ಖರೇ ಅದವಾ. ಆದ್ರ ಇಲ್ಲಿ ಬ್ಯಾಡ" ಎಂದರು ಅವರು. "ನಿಮ್ಮ ದೊಡ್ಡಪ್ಪನ ಮೈ ಬ್ಯಾರೆ, ಈಕೀ ಮೈ ಬ್ಯಾರೆ. ಅವರ ಅಳತೀಲೆ ಕೊಟ್ರ ಎದ್ಯಾಗಿನ ಗಂಟು ಕರಗೂದರಾಗ ತಲ್ಯಾಗ ರಕ್ತ ಸೋರತದ. ಹೆಣ್ಣಮಕ್ಕಳಿಗೆ ಇದು ಲಗೂನ ಸೋರಸ್ತದ, ನಾ ಕಣ್ಣಾರೆ ನೋಡೇನಿ." ಹಾಗೆನ್ನುವಾಗ ಅವರ ದನಿ ಸ್ವಲ್ಪ ಇಳಿದಿತ್ತು. ಯಾರನ್ನು ನೋಡಿದ್ದರೋ, ಕೇಳುವ ಧೈರ್ಯ ನನಗಾಗಲಿಲ್ಲ.

ಅವ್ವನ ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿದರು. "ಇವನ್ನ ಇಳಸಬ್ಯಾಡ್ರಿ. ಮೈ ಎಲ್ಲಿ ನೀಲಿಗಟ್ಟತದೋ ನನಗ ಕಾಣಬೇಕು." ಆಗಾಗ ಅವ್ವನ ರಕ್ತವನ್ನು ಗಾಜಿನ ನಳಿಗೆಯಲ್ಲಿ ಹಾಕಿ ಓರೆ ಮಾಡಿ, ಅದು ಎಷ್ಟು ಹೊತ್ತಿಗೆ ಹೆಪ್ಪಾಗುತ್ತದೆಂದು ಆ ದೊಡ್ಡ ಗಡಿಯಾರ ನೋಡುತ್ತ ನಿಂತಿರುತ್ತಿದ್ದರು. ನಾವು ಅವರ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದೆವು.

ಮರುದಿನ ಬೆಳಿಗ್ಗೆ ಅವರು ಒಳಗೆ ಕಷ್ಟದ ಹೆರಿಗೆಯೊಂದರಲ್ಲಿ ಸಿಕ್ಕಿಬಿದ್ದರು. ಊರಿಂದ ಮಾತಾಡಿಸಲು ಬಂದ ಹೆಂಗಸರಿಗೆ ನಾನು ಚಹಾ ತರಲು ಹೋದೆ. ಅಷ್ಟರಲ್ಲಿ ಅವ್ವನ ಮಣಿಕಟ್ಟಿನಲ್ಲೊಂದು ನೀಲಿ ಕಲೆ ಅತ್ತಿಯ ಕಣ್ಣಿಗೆ ಬಿತ್ತು. ಮುತ್ತೈದೆಯ ಕೈ ಕಪ್ಪಾಗುವುದೆಂದರೆ ಅಪಶಕುನ, ಬಂದ ಜನ ನೋಡಿದರೆ ಏನಂದಾರು! ಪಾಪ, ಅತ್ತಿ ಕಟ್ಟು ಬಿಚ್ಚಿ ಬಳೆಗಳನ್ನು ಕೆಳಗೆಳೆದು ಕಲೆ ಮುಚ್ಚಿಬಿಟ್ಟಳು.

ಡಾಕ್ಟರಬಾಯಿ ಹೊರಬಂದು ಬಳೆ ಸರಿಸಲು ಹೋದರೆ ಸರಿಯಲಿಲ್ಲ. ಒಳಗೇ ರಕ್ತ ಸೋರಿ ಮಣಿಕಟ್ಟು ಬಾತು ಬಳೆಗಳು ಮಾಂಸದಲ್ಲಿ ಕಚ್ಚಿಕೊಂಡಿದ್ದವು. ಬೆರಳುಗಳು ಕಪ್ಪಿಟ್ಟು ತಣ್ಣಗಾಗಿದ್ದವು.

"ಯಾರು ಇಳಿಸಿದ್ರು?" ಎಂದು ಕೇಳಿದರು. ಅವರು ಚಿಮಟ ತಗೊಂಡು ಬಳೆ ಒಡೆಯಲು ಕೈಯಿಟ್ಟರು. ಅತ್ತಿ ಅಪ್ಪನ ಕಡೆ ತಿರುಗಿ ಚೀರಿದಳು: "ಅಣ್ಣಾ, ಆಕಿ ಕೈಲೆ ಒಡಸಬ್ಯಾಡೋ! ನೀ ಇನ್ನೂ ಬದುಕಿದ್ದೀಯೋ!"

ಗಂಡ ಸತ್ತಾಗ ಒಡೆಯುವ ಬಳೆ, ಅದೂ ಗಂಡ ಸತ್ತವಳ ಕೈಯಿಂದ. ಡಾಕ್ಟರಬಾಯಿಯ ಕೈ ಅಲ್ಲೇ ನಿಂತಿತು. ಆ ಕ್ಷಣ ಅವರ ಮುಖ ನೋಡಬಾರದಿತ್ತು ಅನಿಸುತ್ತದೆ. ಆದರೆ ಸಿಟ್ಟಾಗಲು ಅವರಿಗೆ ಹೊತ್ತಿರಲಿಲ್ಲ. ಚಿಮಟವನ್ನು ಅಪ್ಪನ ಮುಂದೆ ಹಿಡಿದರು. "ಯಜಮಾನ್ರ, ನೀವ ಒಡೀರಿ. ನಾ ಕೆಳಗ ಅರಳೆ ಇಡ್ತೇನಿ. ಒಂದು ಚೂರು ನಟ್ರೂ ರಕ್ತ ನಿಲ್ಲೂದಿಲ್ಲ, ಸಾವಕಾಶ."

ನೇಗಿಲು ಹಿಡಿದ ಕೈಯಲ್ಲಿ ಅಪ್ಪ ಚಿಮಟ ತೆಗೆದುಕೊಂಡ. ಅವ್ವ ಕಣ್ಣು ಬಿಟ್ಟು, "ಮತ್ತ ಇಡಸ್ತೀರೇನು?" ಎಂದಳು.

"ಬಂಡಿ ತುಂಬ ಇಡಸ್ತೇನಿ, ಸುಮ್ನ ಮಲಕೋ."

ಒಂದೊಂದೇ ಬಳೆ ಟಣ್ಣೆಂದು ಒಡೆಯಿತು. ಪ್ರತಿ ಚೂರನ್ನೂ ಡಾಕ್ಟರಬಾಯಿ ಅರಳೆಯಲ್ಲಿ ಹಿಡಿದುಕೊಂಡರು. ಆಮೇಲೆ ಇಂಜೆಕ್ಷನ್ ನಿಲ್ಲಿಸಿ, ಮಣಿಕಟ್ಟನ್ನು ಒತ್ತಿ ಹಿಡಿದು, ಮತ್ತೆ ಮತ್ತೆ ನಳಿಗೆ ನೋಡುತ್ತ ಸಂಜೆಯವರೆಗೆ ಕೂತರು. ಬೆರಳುಗಳಿಗೆ ಬಣ್ಣ ಬಂದ ಮೇಲೆಯೇ ನೀರು ಕುಡಿದರು. "ನಾ ಕೊಟ್ಟ ಅರ್ಧಾನೂ ಈಕಿಗೆ ಹೆಚ್ಚಾತು. ತುಂಬ ಕೊಟ್ಟಿದ್ರ?" ಎಂದು ದೊಡ್ಡಪ್ಪನನ್ನು ಕೇಳಿದರು. ಅವನು ತಲೆಯ ಪಟಗ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹೊರಗೆ ಕೂತು ಅಳುತ್ತಿದ್ದ ಅತ್ತಿಗೆ ಡಾಕ್ಟರಬಾಯಿ ತಾವೇ ಚಹಾ ಕಳಿಸಿದರು.

ಅವ್ವ ಬದುಕಿದಳು. ಅಂದಿನಿಂದ ಬಳೆಗಾರ ಬಂದಾಗಲೆಲ್ಲ, "ಸಡಲ ಇರಲಿ, ಡಾಕ್ಟರಬಾಯಾರ ಬೆರಳು ಹೋಗಬೇಕು" ಎನ್ನುತ್ತಿದ್ದಳು. ತೋರಿಸಲು ಹೋದಾಗಲೆಲ್ಲ ಅವರು ಬಳೆ ಸರಿಸಿ ನೋಡಿ, "ಛಲೋ ಅದ, ಹೋಗಿನ್ನ" ಎನ್ನುತ್ತಿದ್ದರು.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಡಾಕ್ಟರಬಾಯಿ ತೀರಿಕೊಂಡರು. ಅವ್ವ ಅವರ ಬರಿಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಎತ್ತುವವರೆಗೂ ಬಿಡಲಿಲ್ಲ. ಮುಂದಿನ ಹಬ್ಬಕ್ಕೆ ಬಳೆಗಾರ ಬಂದ. ಅವ್ವ ಎಂದಿನಂತೆ ಸಡಿಲ ಬಳೆ ಕೇಳಿದಳು.

"ಇನ್ನ ಯಾರು ನೋಡ್ತಾರವಾ?" ಎಂದೆ.

ಅವ್ವ ಹಸಿರು ಬಳೆಗಳ ಕೈಯನ್ನು ನನ್ನ ಮುಂದೆ ಚಾಚಿದಳು. "ನೀ ನೋಡು."