ಬೀಗದಯ್ಯನ ಯಾಕೋನ್ ಗೆಡ್ಡೆ

ಬಸ್ ನಿಲ್ದಾಣದ ಪಕ್ಕದಲ್ಲಿ ಬೀಗ ರಿಪೇರಿ ಮಾಡುತ್ತಿದ್ದ ಬೀಗದಯ್ಯ ಯಾರನ್ನೂ ನಂಬುವ ಪೈಕಿಯವನಲ್ಲ. ಮೂವತ್ತು ವರ್ಷ ಕಂಡಕಂಡವರ ಬೀಗ ತೆಗೆದುಕೊಟ್ಟು, ಯಾವ ಬೀಗವಾದರೂ ಎಷ್ಟು ಸುಲಭವಾಗಿ ಬಾಯಿಬಿಡುತ್ತದೆಂದು ಅವನಿಗೆ ಗೊತ್ತಾಗಿಹೋಗಿತ್ತು. ಮನೆಯ ಬಾಗಿಲು ಹಾಕಿ ನಾಲ್ಕು ಸಲ ಜಗ್ಗಿ ನೋಡದೆ ಹೊರಟವನಲ್ಲ.

ಒಂದು ದಿನ ತಂಗಿಯ ಗಂಡ ಶುಂಠಿಯಂಥ ಬೇರಿನ ಗಂಟೊಂದನ್ನು ತಂದುಕೊಟ್ಟ. "ಭಾವ, ಇದು ಯಾಕೋನ್ ಅಂತ. ನೆಟ್ಟರೆ ಮಣ್ಣೊಳಗೆ ಗೆಣಸಿನ ಥರ ಗೆಡ್ಡೆ ಬಿಡುತ್ತೆ. ಹಸಿಯಾಗೇ ತಿನ್ನಬಹುದು, ಅಷ್ಟು ಸಿಹಿ. ತಂಪು ಜಾಗದ ಬೆಳೆ, ಇಲ್ಲಿ ಬಂದರೆ ನಿಮ್ಮ ಪುಣ್ಯ."

"ಹೆಸರೇ ಯಾಕೋ ಅಂತಿದೆ. ನನಗೂ ಯಾಕೋ ಅನುಮಾನ" ಎಂದ ಬೀಗದಯ್ಯ. ಆದರೂ ಹಿತ್ತಿಲ ಗೋಡೆಯ ಬುಡದಲ್ಲಿ ನೆಟ್ಟ.

ಅಲ್ಲಿನ ಬಿಸಿಲು ಚಪ್ಪಲಿ ದಾಟಿ ಅಂಗಾಲು ಸುಡುವಂಥದ್ದು. ಸೊಂಟದೆತ್ತರ ಬೆಳೆದ ಗಿಡದ ಅಗಲ ಎಲೆಗಳು ಬೇಸಿಗೆ ಬಂದದ್ದೇ ಜೋತುಬಿದ್ದವು.

"ರೀ, ಮಧ್ಯಾಹ್ನ ಸ್ವಲ್ಪ ನೆರಳು ಮಾಡೋಣ" ಎಂದಳು ಹೆಂಡತಿ.

"ನೀನು ಕೈ ಹಾಕಬೇಡ. ನಾನೊಬ್ಬನೇ ನೋಡ್ಕೋತೀನಿ."

ಬೆಳಿಗ್ಗೆ ಎರಡು ಚೊಂಬು ನೀರು ಹಾಕಿ ಅಂಗಡಿಗೆ ಹೋಗುತ್ತಿದ್ದ. ಒಂದು ಸಂಜೆ ಬಂದು ನೋಡಿದರೆ ಬುಡದ ಮಣ್ಣು ಇನ್ನೂ ಒದ್ದೆ. ಸುತ್ತ ನಾಲ್ಕು ಸಣ್ಣ ತೂತು. ಬೀಗದಯ್ಯ ಗೋಡೆಯ ಕಡೆ ತಿರುಗಿದ. ಅದರಾಚೆಯ ಮನೆಯಲ್ಲಿ ನಿವೃತ್ತ ನರ್ಸಮ್ಮ ಒಬ್ಬರೇ ಇದ್ದರು. ಅದೇನು ಗಿಡವೆಂದು ಅವರು ಎರಡು ಸಲ ಕೇಳಿದ್ದರು. ಸುಮ್ಮಸುಮ್ಮನೆ ಯಾರಾದರೂ ಕೇಳುತ್ತಾರೆಯೇ?

"ಏನಮ್ಮ, ನನ್ನ ಗಿಡದ ಬುಡಕ್ಕೆ ಏನು ಹುಯ್ತಿದ್ದೀರಿ?"

"ನನಗೇನು ತಲೆ ಕೆಟ್ಟಿದೆಯಾ?" ಎಂದು ಅವರು ಕಿಟಕಿ ದಢಾರನೆ ಮುಚ್ಚಿದರು.

ಅಲ್ಲಿಗೆ ಅನುಮಾನ ಇನ್ನೂ ಗಟ್ಟಿಯಾಯಿತು. ಮರುದಿನ ನಡುಮಧ್ಯಾಹ್ನ ಅಂಗಡಿ ಮುಚ್ಚಿ ಬಂದು, ಬಚ್ಚಲ ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತ. ಬೆವರು ಧಾರಾಕಾರ. ಹಿತ್ತಿಲ ಬಾಗಿಲು ತೆರೆಯಿತು. ಬಂದವಳು ಅವನ ಹೆಂಡತಿ. ಆ ನಾಲ್ಕು ತೂತುಗಳಲ್ಲೇ ಕೋಲು ನೆಟ್ಟು, ಹಳೆಯ ಬೆಡ್‌ಶೀಟು ಕಟ್ಟಿ, ತರಕಾರಿ ತೊಳೆದ ನೀರನ್ನು ಬುಡಕ್ಕೆ ನಿಧಾನವಾಗಿ ಸುರಿದಳು. ಆಗಾಗ ಬೀದಿಯ ಕಡೆ ಕಿವಿಗೊಡುತ್ತಿದ್ದಳು, ಯಾರದೋ ಮನೆಗೆ ಕದಿಯಲು ಬಂದವಳ ಹಾಗೆ.

ಬೀಗದಯ್ಯ ಹೊರಗೆ ಬಂದ. "ಎಷ್ಟು ದಿನದಿಂದ?"

"ಎಲೆ ಬಾಡಿದಾಗಿನಿಂದ."

"ಒಂದು ಮಾತು ಹೇಳೋಕಾಗ್ತಿರಲಿಲ್ವಾ?"

"ಹೇಳಿದ್ರೆ ಬಿಡ್ತಿದ್ರಾ?"

ಅವನು ಬಗ್ಗಿದ. ಸಡಿಲವಾಗಿದ್ದ ಒಂದು ಕೋಲನ್ನು ಒತ್ತಿ ನಿಲ್ಲಿಸಿದ.

ತಿಂಗಳುಗಳು ಕಳೆದು ಗಿಡ ಹಳದಿಯಾದಾಗ ಇಬ್ಬರೂ ಸೇರಿ ಅಗೆದರು. ಒಂದು ಬುಟ್ಟಿ ಗೆಡ್ಡೆ. ಕಚ್ಚಿದರೆ ಸಪ್ಪೆ ನೀರು. "ನನ್ನ ತಂಗಿ ಗಂಡ ನಾಮ ಹಾಕಿದ!" ಎಂದು ಅವನು ಎಗರಾಡಿದ. ಹೆಂಡತಿ ಬುಟ್ಟಿಯನ್ನು ಮಾಳಿಗೆಗೆ ಒಯ್ದು ಬಿಸಿಲಿಗೆ ಹರಡಿದಳು. ವಾರದಲ್ಲಿ ಸಿಪ್ಪೆ ಸುಕ್ಕುಗಟ್ಟಿತು. ಒಳಗಿನ ತಿರುಳು ಸಿಹಿಯಾಯಿತು.

ನಾಲ್ಕು ಗೆಡ್ಡೆ ಹಿಡಿದು ಬೀಗದಯ್ಯ ನರ್ಸಮ್ಮನ ಬಾಗಿಲು ತಟ್ಟಿದ. "ತಪ್ಪಾಯ್ತಮ್ಮ. ಇದನ್ನ ತಗೊಳ್ಳಿ."

ಅವರು ಮೂಸಿ ನೋಡಿ, "ಇದಕ್ಕೇನು ಬೆರೆಸಿದ್ದೀರಿ?" ಎಂದರು.

ಬೀಗದಯ್ಯನಿಗೆ ಕೋಪ ಬರಲಿಲ್ಲ. ಒಂದರ ಸಿಪ್ಪೆ ಹೆರೆದು ತಾನೇ ಮೊದಲು ಅಗಿದ. ಅವನು ನುಂಗುವವರೆಗೂ ಕಣ್ಣು ಕೀಳದೆ ನೋಡಿ, ಆಮೇಲೆ ನರ್ಸಮ್ಮ ಕೈಚಾಚಿದರು.