ದನಿ ಏರಿಸದ ರಾಕ್ ಬ್ಯಾಂಡು

ನಮ್ಮ ಹಾಡಿಗೆ ಯಾರೂ ಕುಣಿಯುವುದಿಲ್ಲ. ಇದನ್ನು ನಾನೇ ಮೊದಲು ಒಪ್ಪಿಕೊಂಡುಬಿಟ್ಟರೆ ನಿಮಗೆ ಹೇಳುವ ಶ್ರಮ ತಪ್ಪುತ್ತದೆ. ನಮ್ಮದು ಇಬ್ಬರದೇ ರಾಕ್ ಬ್ಯಾಂಡು: ಹೊಸೂರಿನ ಕಾರ್ಖಾನೆಯೊಂದರಲ್ಲಿ ಬೋಲ್ಟುಗಳ ಅಳತೆ ನೋಡುವ ನಾನು, ಸೂಳಗಿರಿಯಲ್ಲಿ ಕೊತ್ತಂಬರಿ ಬೆಳೆಯುವ ಮುನಿರಾಜ. ಇಬ್ಬರಿಗೂ ನಲವತ್ತು ದಾಟಿದೆ. ಗಿಟಾರಿಗೂ ಹೊಟ್ಟೆಗೂ ಜಾಗದ ತಕರಾರು ಶುರುವಾಗಿದೆ. ಹಾಡು ನಾವೇ ಬರೆಯುತ್ತೇವೆ. ನನ್ನದು ನನ್ನ ಪುಕ್ಕಲುತನದ ಬಗ್ಗೆ, ಅವನದು ಪಕ್ಕದ ಹೊಲದಲ್ಲೇ ಇರುವ ಒಡಹುಟ್ಟಿದ ಅಣ್ಣನೊಡನೆ ಮಾತು ಬಿಟ್ಟ ಬಗ್ಗೆ. ಈ ಸರಕನ್ನೇ ಬೈಕಿಗೆ ಹೇರಿಕೊಂಡು ಈ ಸಲ ರಾಗಿ ಕೊಯ್ಲಿಗೆ ಮುಂಚೆ ಮೂರು ಊರು ಸುತ್ತಿದೆವು.

ಬೇರಿಕೆಯಲ್ಲಿ ಸಂತೆಗೆ ಬಂದವರು ಮೂರು ಭಾಷೆಯಲ್ಲಿ ಸಿನಿಮಾ ಹಾಡು ಕೇಳಿದರು. ಮೂರಕ್ಕೂ ಇಲ್ಲ ಎಂದೆವು. ಸೂಳಗಿರಿಯಲ್ಲಿ ಒಬ್ಬ ಅಜ್ಜಿ ಮುನಿರಾಜನ ಕೈ ಹಿಡಿದು, "ಮನೇಲಿ ಊಟಕ್ಕೇನೂ ತೊಂದ್ರೆ ಇಲ್ವೇನಪ್ಪ?" ಎಂದು ಕನಿಕರದಿಂದ ವಿಚಾರಿಸಿದಳು. ನನಗೆ ಸಿಟ್ಟು ಬಂತು. ಹಿಂದಿನ ದಾಸರು ತಂಬೂರಿ ಹಿಡಿದು ತಮ್ಮ ಮನಸ್ಸಿನ ಕೊಳೆಯನ್ನೇ ಊರೂರಿಗೆ ಹಾಡಿಕೊಂಡು ಹೋಗಲಿಲ್ಲವೆ? ಅವರನ್ನು ಯಾರಾದರೂ ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ಕೇಳಿದ್ದುಂಟೆ? ಹೋಲಿಕೆ ಸ್ವಲ್ಪ ಅತಿಯಾಯಿತು, ಗೊತ್ತು. ಆದರೂ ಹಿಂತೆಗೆದುಕೊಳ್ಳುವುದಿಲ್ಲ.

ಮುನಿರಾಜನಿಗೆ ಮಾತ್ರ ಸಾಕಾಗಿತ್ತು. "ಡೆಂಕಣಿಕೋಟೇಲೂ ಹಿಂಗೇ ಆದ್ರೆ ಮದ್ವೆ ಆರ್ಕೆಸ್ಟ್ರಾಗೆ ಸೇರ್ಕಂಬುಡ್ತೀನಿ ಕಣ್ಲಾ. ಸ್ವಂತ ಹಾಡಿನ ಸಾವಾಸ ಬ್ಯಾಡ" ಎಂದ. ಅವನಿಲ್ಲದೆ ಒಬ್ಬನೇ ನಿಂತು ಹಾಡುವ ಧೈರ್ಯ ನನಗೆಲ್ಲಿದೆ?

ಡೆಂಕಣಿಕೋಟೆಯ ಬಳಿ ನಮ್ಮನ್ನು ಕರೆಸಿದ್ದವರು ಚಿಕ್ಕಮುನಿಯಪ್ಪ ಎಂಬ ಹಿರಿಯ ರೈತರು. ಸಂಜೆ ಹೋಗಿ ನೋಡಿದರೆ ಅವರ ರಾಗಿ ಹೊಲದಂಚೇ ವೇದಿಕೆ. ಕೇಳಲು ಬಂದ ಏಳೆಂಟು ಜನ ಒಂದು ಕಡೆ ಕೂತಿದ್ದರೆ, ಸ್ಪೀಕರಿನ ಮುಖ ಹೊಲದಾಚೆಯ ಕಾಡಿನ ಕಡೆಗಿತ್ತು.

"ರಾಕ್ ಬ್ಯಾಂಡ್‌ನೋರು ಕಿವಿ ಕಿತ್ತೋಗಂಗೆ ಬಾರಿಸ್ತಾರಂತೆ. ರಾಗಿ ಮೇಯಕ್ಕೆ ಬರೋ ಆನೆಗಳು ನಮ್ ತಗಡಿನ ಸದ್ದಿಗೆ ಒಗ್ಗೋಗವೆ. ನೀವೊಸಿ ಬಾರಿಸ್ರಪ್ಪ" ಎಂದರು ಚಿಕ್ಕಮುನಿಯಪ್ಪನವರು.

"ಬಾರಿಸ್ಬುಡಾಣ ಕಣ್ಲಾ. ಒಂದ್ಕಾದ್ರೂ ಉಪಯೋಗಕ್ಕೆ ಬರಾಣ" ಎಂದು ಮುನಿರಾಜ ಪಿಸುಗುಟ್ಟಿದ.

ಹುಟ್ಟು ಪುಕ್ಕಲನಾದ ನಾನು ಅವತ್ತು ಹೇಗೋ ಜಗ್ಗಲಿಲ್ಲ. "ಯಜಮಾನ್ರೇ, ನಮ್ದು ಮೆತ್ತಗಿನ ಹಾಡು. ಆನೆ ಬಂದ್ರೆ ನಿಮ್ಜೊತೆ ನಿಂತು ತಗಡು ಬಡೀತೀವಿ. ಹಾಡೋವಾಗ ಮಾತ್ರ ಹಾಡೇ" ಎಂದು ಸ್ಪೀಕರನ್ನು ಜನರತ್ತ ತಿರುಗಿಸಿದೆ.

ಮುನಿರಾಜ ಮನಸ್ಸಿಲ್ಲದ ಮನಸ್ಸಿನಿಂದ ಅಣ್ಣನ ಹಾಡು ಹೇಳಿದ. ಮುಗಿದಾಗ ಚಿಕ್ಕಮುನಿಯಪ್ಪನವರು ನೆಲ ನೋಡುತ್ತಿದ್ದರು. "ಆ ಪಕ್ಕದ ಹೊಲ ನನ್ ತಮ್ಮಂದು. ಅವ್ನು ನಿದ್ದೆ ಹೋದ್ರೆ ಅವನ ರಾಗಿಗೂ ನಾನೇ ಕಾವಲು. ಮಾತು ಮಾತ್ರ ಇಲ್ಲ" ಎಂದರು. ಮತ್ತೆ ಮುನಿರಾಜನತ್ತ ತಿರುಗಿ, "ಇನ್ನೊಂದ್ಸಲ ಹೇಳಪ್ಪ" ಎಂದವರೇ ಎದ್ದು ನಿಂತು, ಆನೆ ಬೆದರಿಸುವ ಗಂಟಲಿನಲ್ಲಿ ತಮ್ಮನ ಹೆಸರು ಹಿಡಿದು ಕೂಗಿದರು.

ಆಚೆ ಹೊಲದ ಕಾವಲಿನ ಅಟ್ಟಣೆಯಿಂದ ಒಬ್ಬರು ಇಳಿದು, ಬದುವಿನ ತನಕ ಬಂದು ನಿಂತರು. ಮುನಿರಾಜ ಮತ್ತೆ ಅದೇ ಹಾಡು ಎತ್ತಿಕೊಂಡ. ಕೂತವರಲ್ಲಿ ಯಾರೋ, "ಅವ್ರಿಗೆ ಕೇಳ್ಸಲ್ಲ, ವಾಲ್ಯೂಮ್ ಜಾಸ್ತಿ ಮಾಡ್ರಪ್ಪ" ಎಂದರು. ನಾನು ಸ್ಪೀಕರಿನತ್ತ ಕೈ ಚಾಚಿದೆ.

"ಮುಟ್ಬ್ಯಾಡ ಕಣ್ಲಾ" ಎಂದು ಮುನಿರಾಜ ಗದರಿದ. "ಕೇಳ್ಬೇಕು ಅನ್ನೋರು ಹತ್ರಕ್ಕೆ ಬರ್ಲಿ."

ಬದು ದಾಟಿ ಆ ತಮ್ಮ ಈಚೆಗೆ ಬಂದರು.